ಮುಳುಗಲು ಬಾರದ ಊರು

ಮೊದಲ ದಿನದ ಚಿತ್ರೀಕರಣ ಮುಗಿದಾಗ ನಿರ್ದೇಶಕರು ಈಜುಕೊಳದ ಕಟ್ಟೆಯ ಮೇಲೆ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಅವರ ಎದುರಿಗೆ ಅರವತ್ತು ಜನ ತೊಯ್ದು ತೊಪ್ಪೆಯಾಗಿ, ಟವೆಲ್ ಸುತ್ತಿಕೊಂಡು, ಚಹಾ ಕುಡಿಯುತ್ತ ಹರಟೆ ಹೊಡೆಯುತ್ತಿದ್ದರು. ಅಷ್ಟು ಹೊತ್ತಿಗೆ ಅರವತ್ತೂ ಜನ ಸತ್ತಿರಬೇಕಾಗಿತ್ತು. ಒಬ್ಬರೂ ಸತ್ತಿರಲಿಲ್ಲ.

ಐವತ್ತಮೂರು ವರ್ಷಗಳ ಹಿಂದೆ ನಮ್ಮ ಊರಿನ ಬಂದರಿನ ಧಕ್ಕೆಯಿಂದ ಹೊರಟ ಪ್ರಯಾಣಿಕರ ಹಡಗೊಂದು, ದಡದಲ್ಲಿ ನಿಂತವರು ಇನ್ನೂ ಕೈ ಬೀಸುತ್ತಿದ್ದಾಗಲೇ, ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ಮಗುಚಿಕೊಂಡಿತು. ನೂರ ಹತ್ತೊಂಬತ್ತು ಜನ ಹೋದರು. ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ದಡವಿತ್ತು. ಆದರೆ ಆ ಕಾಲದಲ್ಲಿ ಊರಿನವರಿಗೆ ಹಡಗು ಹತ್ತುವುದು ಗೊತ್ತಿತ್ತೇ ಹೊರತು ಈಜುವುದು ಗೊತ್ತಿರಲಿಲ್ಲ. ಈಗ ಆ ದುರಂತವನ್ನು ಸಿನಿಮಾ ಮಾಡಲು ಬಂದವರು ಹಡಗಿನ ಅರ್ಧ ಭಾಗವನ್ನು ಹಲಗೆ, ತಗಡುಗಳಲ್ಲಿ ಕಟ್ಟಿ, ಪುರಸಭೆಯ ಈಜುಕೊಳದ ಆಳದ ತುದಿಯಲ್ಲಿ ಓರೆಯಾಗಿ ನಿಲ್ಲಿಸಿದ್ದರು. ಸಾಯುವುದಕ್ಕೆ ಊರಿನ ಜನರನ್ನೇ ಕರೆದಿದ್ದರು.

‘ಆಕ್ಷನ್’ ಅಂದದ್ದೇ ತಡ, ಅರವತ್ತೂ ಜನ ಕಿರುಚಿಕೊಂಡು ನೀರಿಗೆ ಬಿದ್ದರು. ಅಲ್ಲಿಯವರೆಗೆ ಎಲ್ಲ ಚೆನ್ನಾಗಿಯೇ ಇತ್ತು. ಬಿದ್ದವರು ಮೊಣಕೈ ಮೇಲೆತ್ತಿ, ಮೂರು ಕೈಗೊಂದು ಉಸಿರು ತೆಗೆದುಕೊಳ್ಳುತ್ತ, ನೇರ ಸಾಲಿನಲ್ಲಿ ಹೋಗಿ ಆ ಕಡೆಯ ಕಟ್ಟೆ ಮುಟ್ಟಿ ನಿಂತರು. ಬೇಕರಿಯವನ ಹೆಂಡತಿಯಂತೂ ಅಂಚೆಯಣ್ಣನ ಗದ್ದ ಹಿಡಿದು, ಅಂಗಾತ ಮಲಗಿಸಿ, ಎಳೆದುಕೊಂಡೇ ಬಂದಳು. ಅವನು ದಾರಿಯುದ್ದಕ್ಕೂ “ಬಿಡು ತಾಯಿ, ನಾನು ಸಾಯ್ಬೇಕು” ಎಂದು ಗೋಗರೆಯುತ್ತಿದ್ದ.

“ಇದು ದುರಂತ ಅಲ್ಲ, ಸ್ಪರ್ಧೆ” ಎಂದರು ನಿರ್ದೇಶಕರು. “ಯಾರ್ರೀ ಇವರಿಗೆಲ್ಲ ಈಜು ಕಲಿಸಿದ್ದು?”

ಅರವತ್ತು ಬೆರಳುಗಳು ನನ್ನ ಕಡೆ ತಿರುಗಿದವು.

ಹೌದು, ನಾನೇ. ದುರಂತವಾಗಿ ಎಂಟು ವರ್ಷಕ್ಕೆ ಊರಿನವರು ಈ ಕೊಳ ಕಟ್ಟಿಸಿದರು. ಈ ತುದಿಯಿಂದ ಆ ತುದಿಗೆ ಈಜದೆ ಯಾವ ಮಗುವೂ ನಾಲ್ಕನೇ ತರಗತಿ ದಾಟುವಂತಿಲ್ಲ ಎಂದು ಕಟ್ಟುನಿಟ್ಟು ಮಾಡಿದರು. ಮೊದಲ ತಂಡದಲ್ಲಿ ಕಲಿತವಳು ನಾನು. ಆಮೇಲೆ ಮೂವತ್ತು ವರ್ಷದಿಂದ ಕಲಿಸುತ್ತಿರುವವಳೂ ನಾನೇ. ಕೊರಳಲ್ಲಿ ಸದಾ ಸೀಟಿ ಇರುವುದರಿಂದ ನನ್ನನ್ನು ಸೀಟಿ ಟೀಚರ್ ಎನ್ನುತ್ತಾರೆ. ಮೂಗಿನ ತುದಿಯಲ್ಲೇ ಕೋಪ ಎಂದೂ ಹೇಳುತ್ತಾರಂತೆ, ನನ್ನ ಎದುರಿಗೆ ಇನ್ನೂ ಯಾರೂ ಹೇಳಿಲ್ಲ. ಒಂದು ಸಲ ಉದ್ದಕ್ಕೆ ಊದಿದರೆ ನೀರಿನಿಂದ ಹೊರಗೆ ಬನ್ನಿ ಎಂದು. ಮೂರು ಸಲ ಚಿಕ್ಕದಾಗಿ ಊದಿದರೆ ಯಾರೋ ಅಪಾಯದಲ್ಲಿದ್ದಾರೆ, ಇದ್ದಬದ್ದವರೆಲ್ಲ ನೀರಿಗಿಳಿಯಿರಿ ಎಂದು. ಇದನ್ನು ಮರೆತವರಿಗೆ ಮರೆಯಲಾಗದ ಹಾಗೆ ಬೈದಿದ್ದೇನೆ.

“ಟೀಚರ್, ಕಲಿಸಿದ್ದನ್ನ ಮರೆಸೋಕೆ ಆಗುತ್ತಾ?” ಎಂದು ನಿರ್ದೇಶಕರು ಕೇಳಿದರು. ಮೂವತ್ತು ದಾಟಿರದ ವಯಸ್ಸು, ಸದಾ ತಲೆಯ ಮೇಲೊಂದು ಟೋಪಿ. ಟೋಪಿ ಹಾಕಿಕೊಂಡವರೇ ಹೊರತು ಯಾರಿಗೂ ಟೋಪಿ ಹಾಕುವ ಪೈಕಿ ಅಲ್ಲ. ನನಗೆ ಮೊದಲು ಮೈಯೆಲ್ಲ ಉರಿಯಿತು. ಆದರೆ ಆ ಮುಖ ನೋಡಿ ಪಾಪ ಅನ್ನಿಸಿ ಒಪ್ಪಿಕೊಂಡೆ.

ಮುಳುಗುವುದನ್ನು ಕಲಿಸುವುದೆಂದರೆ ನೀರು ಕುಡಿದಷ್ಟು ಸುಲಭ ಎಂದುಕೊಂಡಿದ್ದೆ. ಅಲ್ಲ. ಊರಿನವರೆಲ್ಲ ಕೈಯೆತ್ತಿ “ಕಾಪಾಡಿ, ಕಾಪಾಡಿ” ಎಂದು ಬೊಬ್ಬೆ ಹೊಡೆಯುತ್ತಿದ್ದರು. “ಮುಳುಗೋರು ಕೂಗಲ್ಲ ಕಣ್ರಪ್ಪಾ” ಎಂದೆ. “ಕೂಗೋಕೆ ಉಸಿರು ಬೇಕಲ್ಲ? ತಲೆ ಹಿಂದಕ್ಕೆ ಹೋಗುತ್ತೆ, ಬಾಯಿ ನೀರಿನ ಮಟ್ಟಕ್ಕೆ ಬರುತ್ತೆ. ಏಣಿ ಹತ್ತೋರ ಹಾಗೆ ಕೈ ನೀರನ್ನ ಒತ್ತುತ್ತೆ, ಅಷ್ಟೇ.” ಮೂವತ್ತು ವರ್ಷ ಹುಡುಕಿ ಹುಡುಕಿ ತಿದ್ದಿದ ತಪ್ಪುಗಳನ್ನೆಲ್ಲ ನಾನೇ ಒಂದೊಂದಾಗಿ ಹೇಳಿಕೊಟ್ಟೆ. ಎರಡು ದಿನದಲ್ಲಿ ತಕ್ಕಮಟ್ಟಿಗೆ ಕಲಿತರು. ಶಾಲೆಯ ಹೆಡ್‌ಮಾಸ್ಟರು ಎಷ್ಟು ಚೆನ್ನಾಗಿ ಸತ್ತರೆಂದರೆ ಅವರ ಹೆಂಡತಿ ಚಪ್ಪಾಳೆ ತಟ್ಟಿದರು.

ಇಷ್ಟು ಹೇಳಿದ ಮೇಲೆ ಗುಟ್ಟೊಂದನ್ನೂ ಹೇಳಿಬಿಡಬೇಕು. ಹಳೆಯ ತಲೆಗಳನ್ನು ಬಿಟ್ಟರೆ ಈ ಊರಿನಲ್ಲಿ ಈಜು ಬಾರದವರು ಒಬ್ಬರೇ ಒಬ್ಬರಿದ್ದರು. ಅವರು ನಮ್ಮ ಮನೆಯಲ್ಲೇ ಇದ್ದರು.

ನಮ್ಮವರು ಟೈಲರ್. ನನ್ನ ಕೊರಳಲ್ಲಿ ಸೀಟಿ, ಅವರ ಕೊರಳಲ್ಲಿ ಅಳತೆಯ ಟೇಪು. ಮದುವೆಗೆ ಮುಂಚೆ ‘ಹುಡುಗನಿಗೆ ಈಜು ಬರುತ್ತಾ’ ಎಂದು ನಾನು ಕೇಳಿಸಿದ್ದೆ. ‘ಅಲ್ಪಸ್ವಲ್ಪ’ ಎಂದು ಉತ್ತರ ಬಂದಿತ್ತು. ಮದುವೆಯಾದ ಮೇಲೆ ನೋಡಿದರೆ ಅಲ್ಪವೂ ಇಲ್ಲ, ಸ್ವಲ್ಪವೂ ಇಲ್ಲ. ಬಚ್ಚಲಲ್ಲಿ ತಲೆಗೆ ನೀರು ಹೊಯ್ದುಕೊಳ್ಳುವಾಗಲೂ ಅವರು ಒಂದು ಕಣ್ಣು ತೆರೆದೇ ಇಟ್ಟಿರುತ್ತಾರೆ, ಸೋಪು ಹೋದರೂ ಸರಿಯೇ.

ಅದಕ್ಕೆ ಕಾರಣವಿತ್ತು. ಅವರ ಅಪ್ಪ ಆ ಹಡಗಿನ ಟಿಕೆಟ್ ಗುಮಾಸ್ತರಾಗಿದ್ದರು. ಹಡಗು ವಾಲಿದಾಗ, ದಿನಾ ಧಕ್ಕೆಯಲ್ಲಿ ಹೇಳುತ್ತಿದ್ದ ಹಾಗೆಯೇ “ನೂಕಬೇಡಿ, ಎಲ್ಲರಿಗೂ ಜಾಗ ಇದೆ” ಎನ್ನುತ್ತ ಜನರನ್ನು ಒಬ್ಬೊಬ್ಬರಾಗಿ ಮೇಲಕ್ಕೆ ಎತ್ತಿಕೊಟ್ಟರಂತೆ. ಬದುಕಿ ಬಂದವರು ಹೇಳಿದ ಮಾತು. ಅವರು ಮಾತ್ರ ಬರಲಿಲ್ಲ. ನಮ್ಮವರಿಗೆ ಆಗ ಮೂರು ವರ್ಷ. ನಮ್ಮ ಅತ್ತೆ ಮಗುವನ್ನು ಎತ್ತಿಕೊಂಡು, ಸುತ್ತಮುತ್ತ ಎಲ್ಲೂ ಹೊಳೆ ಇಲ್ಲದ ಅಣ್ಣನ ಊರಿಗೆ ಹೋಗಿಬಿಟ್ಟರು. ಅಲ್ಲಿದ್ದದ್ದು ಒಂದು ಬಾವಿ, ಅದಕ್ಕೂ ಮುಚ್ಚಳ ಹಾಕಿಸಿದರಂತೆ. ಹೀಗೆ ನಾಲ್ಕನೇ ತರಗತಿಯ ನಿಯಮದಿಂದ ತಪ್ಪಿಸಿಕೊಂಡ ಮಗ, ದೊಡ್ಡವನಾಗಿ, ಹೊಲಿಗೆ ಕಲಿತು, ಇಲ್ಲಿ ಅಂಗಡಿ ಹಾಕಲು ಬಂದದ್ದು. ಮಗನನ್ನು ನೀರಿನಿಂದ ಕಾಯಲು ಅತ್ತೆಯೂ ಬೆನ್ನಿಗೇ ಬಂದರು.

ಈಜು ಟೀಚರ ಗಂಡನಿಗೆ ಈಜು ಬಾರದು ಎಂದರೆ ನನ್ನ ಮಾನ ಏನಾಗಬೇಕು? ‘ನಮ್ಮವರು ಬೆಳಗಿನ ಜಾವ ಒಬ್ಬರೇ ಈಜ್ತಾರೆ, ನನಗಿಂತ ಜೋರು’ ಎಂದು ನಾನೇ ಊರಿನಲ್ಲಿ ಹಬ್ಬಿಸಿದ್ದೆ. ಕ್ಷೌರದಂಗಡಿಯವನು ಒಮ್ಮೆ ಅವರನ್ನು ಹಿಡಿದು ಈಜಿನ ಮರ್ಮ ಕೇಳಿದನಂತೆ. ನಮ್ಮವರು ಗಂಭೀರವಾಗಿ “ಎಲ್ಲ ಉಸಿರಲ್ಲಿದೆ” ಎಂದು ಹೇಳಿ ಬಂದಿದ್ದರು. ನನ್ನ ಬಾಯಿಂದ ಕೇಳಿದ್ದನ್ನೇ ದಾಟಿಸಿದ್ದು.

ಸಿನಿಮಾದ ಬಟ್ಟೆ ಹೊಲಿಯುವ ಕೆಲಸ ನಮ್ಮವರಿಗೇ ಸಿಕ್ಕಿತ್ತು. ಗುಮಾಸ್ತರ ಪಾತ್ರಕ್ಕೆ ಪಟ್ಟಣದಿಂದ ಒಬ್ಬ ನಟ ಬಂದಿದ್ದ. ಸುಂದರ, ಆದರೆ ಹೆದರಿದ ಹಾಗೆ ನಟಿಸಿದರೆ ಹಲ್ಲುನೋವು ಬಂದವನ ಹಾಗೆ ಕಾಣುತ್ತಿದ್ದ. ಶನಿವಾರ ನಮ್ಮವರು ಅವನ ಕೋಟಿನ ತೋಳಿನ ಅಳತೆ ನೋಡಲು ಬಂದು, ಎಂದಿನಂತೆ ನೀರಿನಿಂದ ನಾಲ್ಕು ಹೆಜ್ಜೆ ದೂರ ನಿಂತಿದ್ದರು. ಹೆಡ್‌ಮಾಸ್ಟರು ಹಡಗಿನಿಂದ ಧಡ್ ಎಂದು ಬಿದ್ದರು. ನೀರು ಹಾರಿ ಬಂದು ನಮ್ಮವರ ಮುಖಕ್ಕೆ ರಪ್ಪೆಂದು ಹೊಡೆಯಿತು. ಆ ಕ್ಷಣದಲ್ಲಿ ಅವರ ಮುಖ ಹೇಗಾಯಿತೆಂದು ನನಗೆ ನೋಡದೆಯೇ ಗೊತ್ತು.

ನಿರ್ದೇಶಕರು ನೋಡಿಬಿಟ್ಟರು. ಟೋಪಿ ತೆಗೆದರು. “ಈ ಮುಖ! ನಾನು ಹುಡುಕ್ತಿದ್ದಿದ್ದು ಈ ಮುಖಾನೇ!”

“ಅವರೇ ಅಲ್ವಾ ಸಾರ್, ಗುಮಾಸ್ತರ ಮಗ” ಎಂದ ಅಂಚೆಯಣ್ಣ. ಅವನ ಹೊಟ್ಟೆಯಲ್ಲಿ ಯಾವ ಮಾತೂ ನಿಲ್ಲುವುದಿಲ್ಲ, ಕಾಗದಗಳು ಹೇಗೆ ಗುಟ್ಟಾಗಿ ತಲುಪುತ್ತವೋ ದೇವರೇ ಬಲ್ಲ.

ನಿರ್ದೇಶಕರು ನಮ್ಮವರ ಎರಡೂ ಕೈ ಹಿಡಿದುಕೊಂಡರು. “ಸಾರ್, ಒಂದೇ ದೃಶ್ಯ. ಜನರನ್ನ ಮೇಲೆ ಹತ್ತಿಸ್ತೀರಿ, ನೀರು ಗಂಟಲಿಗೆ ಬರುತ್ತೆ, ಆಮೇಲೆ ಮುಳುಗಬೇಕು. ಆಗುತ್ತಾ?”

ನಾನು ‘ಆಗೋದಿಲ್ಲ’ ಎಂದು ಬಾಯಿ ತೆರೆಯುವುದರೊಳಗೆ ನಮ್ಮವರು “ಆಗುತ್ತೆ. ಯಾವತ್ತು?” ಎಂದರು.

“ಗುರುವಾರ. ಅವತ್ತು ತಪ್ಪಿದ್ರೆ ನಮ್ಮ ನಟನ ಹತ್ರಾನೇ ಮಾಡಿಸಬೇಕಾಗುತ್ತೆ. ಶುಕ್ರವಾರ ಹಡಗು ಬಿಚ್ಚುತ್ತಾರೆ.”

ಒಂದು ಗುಂಡಿ ಬದಲಾಯಿಸಲು ಒಂದು ವಾರ ಯೋಚಿಸುವ ಮನುಷ್ಯ! ಅಂಗಡಿಗೆ ಹೋಗಿ ಬಾಗಿಲು ಅರ್ಧ ಎಳೆದು ಅವರನ್ನು ತರಾಟೆಗೆ ತೆಗೆದುಕೊಂಡೆ.

“ನಿಮಗೆ ತಲೆ ಕೆಟ್ಟಿದೆಯಾ? ಬಕೆಟ್ ಕಂಡ್ರೆ ಬೆವರ್ತೀರಿ!”

ಅವರು ಹೊಲಿಗೆ ಯಂತ್ರದ ಮುಂದೆ ಕೂತು, ದಾರದ ಉಂಡೆಯನ್ನು ಸುಮ್ಮನೆ ತಿರುಗಿಸುತ್ತಿದ್ದರು. “ಅಪ್ಪಂದು ಒಂದೇ ಒಂದು ಫೋಟೋ ಇತ್ತು ಕಣೇ. ಅದಕ್ಕೆ ಕಟ್ಟು ಹಾಕಿಸ್ಕೊಂಡು ಬರ್ತೀನಿ ಅಂತ ಅವತ್ತೇ ಜೇಬಲ್ಲಿಟ್ಕೊಂಡು ಹೋಗಿದ್ರು. ನಂಗಂತೂ ಅವರ ಮುಖ ಜ್ಞಾಪಕ ಇಲ್ಲ. ಅಮ್ಮ ಮೊನ್ನೆ ಏನಂದ್ಳು ಗೊತ್ತಾ? ‘ನಂಗೂ ಮರೆತು ಹೋಗ್ತಿದೆ ಕಣೋ, ನೆನಪು ಮಾಡ್ಕೊಂಡ್ರೆ ನಿನ್ನ ಮುಖಾನೇ ಬರುತ್ತೆ’ ಅಂದ್ಳು.” ದಾರದ ಉಂಡೆಯನ್ನು ಪಕ್ಕಕ್ಕಿಟ್ಟು ಹೇಳಿದರು, “ನಾಳೆ ಆ ನಟನ ಮುಖ ಪರದೆ ಮೇಲೆ ಬಂದ್ರೆ ಊರಿಗೆಲ್ಲ ಅದೇ ನಮ್ಮಪ್ಪನ ಮುಖ ಆಗಿಬಿಡುತ್ತೆ. ಅಮ್ಮಂಗೂ ಅದೇ ಆಗಿಬಿಡುತ್ತೆ. ಅದು ಬೇಡ.”

ಅರ್ಧ ಎಳೆದಿದ್ದ ಬಾಗಿಲನ್ನು ಮತ್ತೆ ತೆರೆದು, “ನಾಳೆ ಮಧ್ಯಾಹ್ನ ಕೊಳಕ್ಕೆ ಬನ್ನಿ” ಎಂದೆ. ಐದು ದಿನ ಇತ್ತು.

ಕೊಳವನ್ನು ನೀರು ಸೋಸುವುದಕ್ಕೆಂದು ಮಧ್ಯಾಹ್ನ ಒಂದರಿಂದ ಮೂರರವರೆಗೆ ಮುಚ್ಚುತ್ತೇವೆ. ಸಿನಿಮಾದವರೂ ಆಗ ಊಟಕ್ಕೆ ಹೋಗುತ್ತಿದ್ದರು. ಭಾನುವಾರ ನಮ್ಮವರು ಮನೆಯಿಂದ ಹೊರಟಾಗ ಅತ್ತೆ ಕೇಳಿದರು, “ಈ ಬಿಸಿಲಲ್ಲಿ ಎಲ್ಲಿಗೋ?” ಎಂಬತ್ತೆರಡು ವರ್ಷವಾದರೂ ಅವರ ಕಿವಿಗೆ ಮಗ ಚಪ್ಪಲಿ ಮೆಟ್ಟುವ ಸದ್ದು ತಪ್ಪುವುದಿಲ್ಲ.

“ಕೋಟಿನ ಕೆಲಸ ಅಮ್ಮಾ.”

“ಅಂಥದ್ದೇನು ಮುಳುಗಿಹೋಗ್ತಿದೆ? ಊಟ ಮಾಡ್ಕೊಂಡು ಹೋಗು. ನೀರಿನ ಹತ್ರ ನಿಲ್ಲಬೇಡ.”

ನಮ್ಮವರು ನನ್ನ ಮುಖ ನೋಡಿದರು, ನಾನು ಗೋಡೆ ನೋಡಿದೆ. ನಿಜವನ್ನು ಅತ್ತೆಗೆ ಹೇಳುವಂತಿರಲಿಲ್ಲ. ಮಗ ಬಟ್ಟೆ ಹೊಲಿಯುತ್ತಿದ್ದಾನೆ ಎಂದಷ್ಟೇ ಅತ್ತೆಗೆ ಗೊತ್ತಿದ್ದದ್ದು.

ನಾನು ಗೇಟಿಗೆ ಬೀಗ ಹಾಕಿ ಬರುವಷ್ಟರಲ್ಲಿ ನಮ್ಮವರು ಟೇಪಿನ ತುದಿಗೆ ಕತ್ತರಿ ಕಟ್ಟಿ ನೀರಿಗೆ ಬಿಟ್ಟು ಅಳೆಯುತ್ತಿದ್ದರು. “ಐದು ಅಡಿ ಎರಡು ಇಂಚು. ನಾನು ಐದು ಅಡಿ ಆರು. ನಾಲ್ಕು ಇಂಚು ಮಿಗುತ್ತೆ” ಎಂದರು. ಆಮೇಲೆ ಅನುಮಾನ ಬಂದು, ನೆತ್ತಿಯಿಂದ ಮೂಗಿನವರೆಗೆ ತಮ್ಮನ್ನೇ ಅಳೆದುಕೊಂಡರು. ಆರೂವರೆ ಇಂಚು. “ಎರಡೂವರೆ ಕಡಿಮೆ ಬಿತ್ತು” ಎಂದು ಟೇಪು ಸುತ್ತಿಕೊಂಡು ಗೇಟಿನ ಕಡೆ ಹೊರಟೇಬಿಟ್ಟರು. ಬೀಗ ಹಾಕಿದ್ದು ಒಳ್ಳೆಯದಾಯಿತು.

ನಾಲ್ಕು ಅಡಿ ನೀರಿರುವ ಕಡೆ ಕರೆದುಕೊಂಡು ಹೋದೆ. ಮೆಟ್ಟಿಲು ಇಳಿಯಲು ಇಪ್ಪತ್ತು ನಿಮಿಷ. ಅಭ್ಯಾಸಬಲದಿಂದ ಸೀಟಿ ಊದಿದೆ.

“ಇನ್ನೊಂದು ಸಲ ಊದಿದ್ರೆ ಮನೆಗೆ ಹೋಗ್ತೀನಿ.”

“ಹೆದರ್ಬೇಡಿ ಅಂತ ಅಷ್ಟೇರೀ.”

“ಇಪ್ಪತ್ತೆಂಟು ವರ್ಷದಿಂದ ‘ಹೆದರ್ಬೇಡಿ, ಹೆದರ್ಬೇಡಿ’ ಅಂತ ಹೆದರಿಸ್ತಿದೀಯ ಕಣೇ ನೀನು!”

ಮೂವತ್ತು ವರ್ಷದಲ್ಲಿ ಯಾರೂ ನನಗೆ ಹಾಗೆ ಹೇಳಿರಲಿಲ್ಲ. ಸೀಟಿಯನ್ನು ತೆಗೆದು ಮೊಳೆಗೆ ನೇತುಹಾಕಿ, ನಾನೂ ನೀರಿಗಿಳಿದು, ಬಾಯಿಗೆ ಬೀಗ ಹಾಕಿಕೊಂಡು ಅವರ ಪಕ್ಕ ನಿಂತೆ. ಆ ದಿನ ಅವರು ಗದ್ದದವರೆಗೆ ನೀರಿಗೆ ಹೋದರು.

ಸೋಮವಾರ ತಲೆ ಮುಳುಗಿಸಬೇಕಿತ್ತು. “ನೆಲದ ಮೇಲೆ ಕೂತ್ಕೊಳ್ಳಿ, ಅಷ್ಟೇ” ಎಂದೆ. ಮೂಗು ಹಿಡಿದು, ಕಣ್ಣು ಮುಚ್ಚಿ, ಏನಾದರಾಗಲಿ ಎಂದು ಕೂತರು. ಕೂರುವ ಮೊದಲೇ ಬುಳಕ್ ಎಂದು ಮೇಲೆ ಬಂದರು. ಮತ್ತೆ ಕೂತರು, ಮತ್ತೆ ಬಂದರು. ನಾಲ್ಕನೇ ಸಲಕ್ಕೆ ಹೆದರಿಕೆ ಹೋಗಿ ಸಿಟ್ಟು ಬಂತು.

“ಕೂರೋಕೆ ಬಿಡ್ತಿಲ್ಲ ಕಣೇ ಇದು! ಕೆಳಗೆ ಹೋದ್ರೆ ಮೇಲಕ್ಕೆ ನೂಕುತ್ತೆ. ಏನಿದು ದೌರ್ಜನ್ಯ?”

ನಾನು ನಾಲಿಗೆ ಕಚ್ಚಿಕೊಂಡೆ. ‘ರೀ, ಅದನ್ನೇ ತೇಲೋದು ಅಂತಾರೆ’ ಎಂದು ಹೇಳಿದ್ದರೆ ಆ ಕ್ಷಣವೇ ಮೈ ಸೆಟೆದುಕೊಂಡು ಕಲ್ಲಾಗಿಬಿಡುತ್ತಿದ್ದರು. ಅವರು ಹಟ ಹಿಡಿದು ಮುಳುಗಲು ನೋಡುತ್ತಲೇ ಇದ್ದರು, ನೀರು ಎತ್ತಿ ಎತ್ತಿ ಕೊಡುತ್ತಲೇ ಇತ್ತು. ಇಪ್ಪತ್ತೆಂಟು ವರ್ಷ ನಾನು ಕಾದದ್ದು ಕಣ್ಣೆದುರಿಗೇ ನಡೆಯುತ್ತಿತ್ತು. ಹೇಳುವಂತಿಲ್ಲ, ಕುಣಿಯುವಂತಿಲ್ಲ. ಅದೂ ಅಲ್ಲದೆ ಗುರುವಾರ ಬೇಕಾದದ್ದು ತೇಲುವವರಲ್ಲ, ಮುಳುಗುವವರು.

“ಉಸಿರೆಲ್ಲ ಹೊರಗೆ ಬಿಡಿ” ಎಂದೆ. “ಎದೆ ಖಾಲಿಯಾದ್ರೆ ತಾನಾಗೇ ಇಳೀತೀರಿ. ಬರಬೇಕು ಅನ್ನಿಸಿದಾಗ ಕಾಲಲ್ಲಿ ನೆಲ ಒತ್ತಿ.”

ಗುಳುಗುಳು ಎಂದು ಉಸಿರು ಬಿಟ್ಟು ಇಳಿದರು. ನೆಲದ ಮೇಲೆ ಕೂತರು. ಮೇಲೆ ಬಂದು ಮುಖ ಒರೆಸಿಕೊಂಡರು. “ಅಂದ್ರೆ ಉಸಿರಿದ್ರೆ ಮೇಲೆ, ಬಿಟ್ರೆ ಕೆಳಗೆ. ಇಷ್ಟೇನಾ?”

“ಇಷ್ಟೇ.”

“ಇದನ್ನ ಮೊದಲೇ ಹೇಳಬಾರದಿತ್ತಾ?”

ಕ್ಷೌರದಂಗಡಿಯವನಿಗೆ ನೀವೇ ಹೇಳಿದ್ದೀರಲ್ಲ ಎನ್ನಬೇಕೆನಿಸಿತು. ಅನ್ನಲಿಲ್ಲ. ಆ ಎರಡು ಗಂಟೆಯಲ್ಲಿ ನಾನು ನುಂಗಿದಷ್ಟು ಮಾತನ್ನು ಇಡೀ ಸಂಸಾರದಲ್ಲಿ ನುಂಗಿರಲಿಲ್ಲ.

ಬುಧವಾರದ ಹೊತ್ತಿಗೆ ಆಳದ ಕಡೆ ಹಡಗಿನ ಮೆಟ್ಟಿಲು ಹಿಡಿದು ಇಳಿಯುವುದು, ಆರು ಎಣಿಸುವುದು, ಹಲಗೆಯ ಹಿಂದೆ ಕಟ್ಟಿದ್ದ ಹಗ್ಗ ಹಿಡಿದು ಹತ್ತುವುದು, ಎಲ್ಲವೂ ಬಂತು. ಹಗ್ಗ ಮಾತ್ರ ಬಿಡುತ್ತಿರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅತ್ತೆ ಅವರ ಕೈ ಹಿಡಿದು ನೋಡಿದರು. “ಬೆರಳು ಯಾಕೋ ಹೀಗೆ ಸುಕ್ಕಾಗಿದೆ?”

“ಕೋಟು ನೀರಲ್ಲಿ ನೆನೆಸಿದ್ದೆ ಅಮ್ಮಾ.”

ಸುಳ್ಳಲ್ಲ. ಕೋಟಿನೊಳಗೆ ತಾವೂ ಇದ್ದದ್ದನ್ನಷ್ಟೇ ಬಿಟ್ಟರು.

ಗುರುವಾರ ಊರಿಗೆ ಊರೇ ಕೊಳದ ಸುತ್ತ ಸೇರಿತ್ತು. ಅರವತ್ತು ಹೆಣಗಳು ಬೆಳಗಿನಿಂದ ತೇಲುತ್ತಿದ್ದವು. ಗಾಜಿನ ಪೆಟ್ಟಿಗೆಯಲ್ಲಿ ಕೂರಿಸಿದ್ದ ಕ್ಯಾಮೆರಾ ಅರ್ಧ ನೀರಿನೊಳಗಿತ್ತು. ನಮ್ಮವರು ಗುಮಾಸ್ತರ ಕಪ್ಪು ಕೋಟು, ಹೆಗಲಿಗೆ ಚರ್ಮದ ಟಿಕೆಟ್ ಚೀಲ ಹಾಕಿಕೊಂಡು ಮೆಟ್ಟಿಲ ಮೇಲೆ ನಿಂತರು. ನೀರು ಎದೆಗೆ ಬಂತು. ಅವರ ಮುಖ ನೋಡಿದರೆ ಯಾರಿಗೂ ನಟನೆ ಅನ್ನಿಸುತ್ತಿರಲಿಲ್ಲ. ಅದು ನಟನೆಯಾಗಿರಲೂ ಇಲ್ಲ.

“ನೂಕಬೇಡಿ, ಎಲ್ಲರಿಗೂ ಜಾಗ ಇದೆ” ಎಂದು ನಡುಗುವ ದನಿಯಲ್ಲಿ ಹೇಳುತ್ತ ಬೇಕರಿಯವನ ಹೆಂಡತಿಯನ್ನು ಮೇಲಕ್ಕೆ ಎತ್ತಿಕೊಟ್ಟರು. ಒಂದೊಂದೇ ಮೆಟ್ಟಿಲು ಇಳಿದಂತೆ ನೀರು ಗಂಟಲಿಗೆ, ಬಾಯಿಗೆ, ಮೂಗಿಗೆ ಬಂತು. ಕಣ್ಣು ಮುಚ್ಚಿ ಮುಳುಗಿದರು. ಟಿಕೆಟ್ ಚೀಲ ಮೇಲೆ ತೇಲಿತು.

ನಾನು ಎಣಿಸಿದೆ. ನಾಲ್ಕು, ಐದು, ಆರು. ಹಲಗೆಯ ಹಿಂದಿನ ಹಗ್ಗ ಅಲ್ಲಾಡಲಿಲ್ಲ. ಏಳು, ಎಂಟು. ಅಲ್ಲಿ ಒಂಬತ್ತು ಅಡಿ ನೀರು. ಹತ್ತು, ಹನ್ನೊಂದು. ಸಿನಿಮಾ, ಕ್ಯಾಮೆರಾ, ನಿರ್ದೇಶಕ, ಏನೂ ನೆನಪಾಗಲಿಲ್ಲ. ಸೀಟಿ ಬಾಯಿಗೆ ಹೋದದ್ದೂ ಗೊತ್ತಾಗಲಿಲ್ಲ.

ಮೂರು ಸಲ ಊದಿದೆ.

ಅರವತ್ತು ಹೆಣಗಳೂ ಎದ್ದವು. ಬೆಳಿಗ್ಗೆ ಒಂಬತ್ತಕ್ಕೇ ಸತ್ತಿದ್ದ ಹೆಡ್‌ಮಾಸ್ಟರು ಎಲ್ಲರಿಗಿಂತ ಮುಂದೆ ಮುಳುಗು ಹಾಕಿದರು. ದಂಡೆಯ ಮೇಲೆ ನಿಂತು ನೋಡುತ್ತಿದ್ದವರೂ ಚಪ್ಪಲಿ ಬಿಟ್ಟು ಧುಮುಕಿದರು. ಕ್ಷೌರದಂಗಡಿಯವನು ಕನ್ನಡಕದ ಸಮೇತ ಹಾರಿದ. ನೀರು ಹಾರಿ ಕ್ಯಾಮೆರಾದವನು ತೊಯ್ದುಹೋದ. “ಕಟ್! ಕಟ್!” ಎಂದು ನಿರ್ದೇಶಕರು ಕೂಗುತ್ತಿದ್ದರು, ಕೇಳಿಸಿಕೊಳ್ಳುವವರೆಲ್ಲ ನೀರಿನೊಳಗಿದ್ದರು.

ಈ ಗಲಾಟೆಯ ಆಚೆ, ಹಡಗಿನ ಇನ್ನೊಂದು ಬದಿಯಲ್ಲಿ, ನಮ್ಮವರು ಮೆಲ್ಲಗೆ ಮೇಲೆ ಬಂದರು. ಹಗ್ಗವಿಲ್ಲ, ಹಲಗೆಯಿಲ್ಲ. ಎದೆಯ ತುಂಬ ಉಸಿರು ತುಂಬಿಕೊಂಡು, ಕೈಯನ್ನು ಅತ್ತ ಇತ್ತ ಆಡಿಸುತ್ತ, ತಲೆ ಎತ್ತಿ ಎಲ್ಲರನ್ನೂ ನೋಡಿದರು.

“ಯಾರು ಮುಳುಗಿದ್ರು?” ಎಂದರು.

ಒಬ್ಬೊಬ್ಬರಾಗಿ ತಲೆಗಳು ಮೇಲೆ ಬಂದವು. ಕ್ಷೌರದಂಗಡಿಯವನು ನೀರು ಉಗುಳುತ್ತ ಕೇಳಿದ, “ಅಲ್ಲಾ ಟೀಚರೇ, ಇಷ್ಟು ಚೆನ್ನಾಗಿ ಈಜೋರಿಗೆ ಯಾಕೆ ಸೀಟಿ ಊದಿದ್ರಿ?”

“ಅವರಿಗೆ ಈಜು ಬರಲ್ಲ!” ಎಂದೆ. ಊರಿಗೆಲ್ಲ ಕೇಳುವ ಹಾಗೆ ಹೇಳಿದೆ. “ಯಾವತ್ತೂ ಬರ್ತಿರಲಿಲ್ಲ! ನಾನೇ ಸುಳ್ಳು ಹೇಳ್ತಿದ್ದೆ!”

ಎಲ್ಲರೂ ನನ್ನನ್ನು ನೋಡಿದರು. ಆಮೇಲೆ ಒಂಬತ್ತು ಅಡಿ ನೀರಿನಲ್ಲಿ, ತೊಯ್ದ ಕೋಟು ಹಾಕಿಕೊಂಡು ಆರಾಮವಾಗಿ ನಿಂತಿದ್ದ ನಮ್ಮವರನ್ನು ನೋಡಿದರು. ಆಮೇಲೆ ಹೊಟ್ಟೆ ಹುಣ್ಣಾಗುವಂತೆ ನಗತೊಡಗಿದರು. ಇಪ್ಪತ್ತೆಂಟು ವರ್ಷ ಹೇಳಿದ ಸುಳ್ಳನ್ನು ನಂಬಿದವರು ಒಂದೇ ಒಂದು ಸಲ ಹೇಳಿದ ನಿಜವನ್ನು ನಂಬಲಿಲ್ಲ. ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಜನರೆದುರು ಅತ್ತದ್ದು ಅದೇ ಮೊದಲು.

ನಮ್ಮವರಿಗೆ ಮಾತ್ರ ಏನೋ ಅನುಮಾನ ಬಂತು. “ಲೇ, ಇಲ್ಲಿ ಎಷ್ಟು ಆಳ?”

“ಮಾತಾಡ್ಬೇಡಿ. ಉಸಿರು ತಗೊಳ್ಳಿ” ಎಂದೆ.

ತಗೊಂಡರು. ಹಾಗೇ ಕೈ ಆಡಿಸುತ್ತ ಕಟ್ಟೆಗೆ ಬಂದರು. ನೋಡುವುದಕ್ಕೆ ಒಂದಿಷ್ಟೂ ಚೆನ್ನಾಗಿರಲಿಲ್ಲ. ನನ್ನ ತರಗತಿಯ ಮಕ್ಕಳು ಹಾಗೆ ಮಾಡಿದ್ದರೆ ಮತ್ತೆ ನೀರಿಗೆ ಇಳಿಸಿ ಮಾಡಿಸುತ್ತಿದ್ದೆ.

ನಿರ್ದೇಶಕರು ಮೊದಲು ನನ್ನ ಕೊರಳಿನ ಸೀಟಿ ಇಸಕೊಂಡು ಜೇಬಿಗೆ ಹಾಕಿದರು. ಆಮೇಲೆ ಕೋಟು ನೋಡಿ ಪೆಚ್ಚಾದರು. ಒದ್ದೆ ಕೋಟಿನಲ್ಲಿ ದೃಶ್ಯ ಶುರುಮಾಡುವಂತಿರಲಿಲ್ಲ. “ಇನ್ನೊಂದು ಹೊಲಿದಿದೀನಿ” ಎಂದರು ನಮ್ಮವರು. “ನನ್ನ ಮೇಲೆ ನಂಗೇ ನಂಬಿಕೆ ಇರಲಿಲ್ಲ.”

ಎರಡನೇ ಸಲ ಅವರ ದನಿ ನಡುಗಲಿಲ್ಲ. “ನೂಕಬೇಡಿ, ಎಲ್ಲರಿಗೂ ಜಾಗ ಇದೆ” ಎಂದು, ಅಂಗಡಿಯಲ್ಲಿ ಗಿರಾಕಿಗಳಿಗೆ ಹೇಳುವ ದನಿಯಲ್ಲೇ ಹೇಳಿದರು. ಒಬ್ಬರನ್ನು ಎತ್ತಿಕೊಟ್ಟು, ಮುಂದಿನವರು ಯಾರೆಂದು ತಿರುಗಿ ನೋಡಿದರು. ನೀರು ಬಾಯಿಗೆ ಬಂದಾಗಲೂ ಇನ್ನೊಬ್ಬರಿಗಾಗಿ ಕೈ ಚಾಚಿಯೇ ಇದ್ದರು. ಆ ಮುಖದಲ್ಲಿ ಹೆದರಿಕೆ ಇರಲಿಲ್ಲ, ಕೆಲಸ ಇತ್ತು.

ನಿರ್ದೇಶಕರು ತೆಗೆದದ್ದನ್ನು ಇನ್ನೊಮ್ಮೆ ಹಾಕಿ ನೋಡಿದರು. “ನಾನು ಕೇಳಿದ್ದು ಇದನ್ನಲ್ಲ” ಎಂದರು. ಟೋಪಿ ತೆಗೆದು ತಲೆ ಕೆರೆದುಕೊಂಡರು. “ಆದ್ರೆ ಇದೇ ಇರ್ಲಿ.”

ಸಂಜೆ ಮನೆಗೆ ನಡೆದು ಬರುವಾಗ ಕೇಳಿದೆ, “ಆರು ಎಣಿಸಿ ಬರಬೇಕಿತ್ತಲ್ಲ? ಯಾಕೆ ಬರಲಿಲ್ಲ?”

“ಕೆಳಗೆ ಏನೂ ಸದ್ದಿಲ್ಲ ಕಣೇ” ಎಂದರು. “ಇಷ್ಟು ವರ್ಷ ಅಪ್ಪ ಕೊನೇಲಿ ಗದ್ದಲದಲ್ಲಿ ಹೋದ್ರು ಅಂತಾನೇ ಅಂದ್ಕೊಂಡಿದ್ದೆ. ಇಷ್ಟು ನಿಶ್ಶಬ್ದ ಇರುತ್ತೆ ಅಂತ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಕೂತೆ.”

ನಾನು ಅವರ ಕೈ ಹಿಡಿದುಕೊಂಡೆ. ಬೆರಳೆಲ್ಲ ಸುಕ್ಕಾಗಿತ್ತು.

ಎಂಟು ತಿಂಗಳ ಮೇಲೆ ಸಿನಿಮಾ ಬಂತು. ಚಿತ್ರಮಂದಿರದಲ್ಲಿ ಅತ್ತೆಯನ್ನು ನಮ್ಮಿಬ್ಬರ ನಡುವೆ ಕೂರಿಸಿಕೊಂಡೆವು. ಅಂಚೆಯಣ್ಣನ ಬಾಯಿಯನ್ನು ಎಂಟು ತಿಂಗಳು ಮುಚ್ಚಿಸಿ ಇಟ್ಟದ್ದು ನನ್ನ ಜೀವನದ ದೊಡ್ಡ ಸಾಧನೆ. ನಮ್ಮವರಿಗೆ ಒಂದೇ ಕಡೆ ಕೂರಲಾಗುತ್ತಿರಲಿಲ್ಲ. ಮುಖ ಹೋಲದಿದ್ದರೆ? ಹೋಲಿದರೆ ಅಮ್ಮ ತಡೆದುಕೊಳ್ಳದಿದ್ದರೆ? ಅತ್ತೆ ಮಾತ್ರ ಮೊದಲರ್ಧವಿಡೀ ಬಟ್ಟೆಗಳನ್ನಷ್ಟೇ ನೋಡಿದರು. “ಆ ಹೆಂಗಸಿನ ಕಾಲರ್ ಸರಿಯಾಗಿ ಕೂತಿಲ್ಲ ಕಣೋ” ಎಂದು ಎರಡು ಸಲ ಹೇಳಿದರು.

ಆಮೇಲೆ ಹಡಗು ವಾಲಿತು. ಕಪ್ಪು ಕೋಟಿನವರು ಮೆಟ್ಟಿಲ ಬಳಿ ಈ ಕಡೆ ತಿರುಗಿದರು. ಪರದೆಯ ತುಂಬ ಆ ಮುಖ.

ಅತ್ತೆ ನೆಟ್ಟಗೆ ಕೂತರು. ನನ್ನ ಕೈಯನ್ನು ಉಗುರು ಊರುವಷ್ಟು ಗಟ್ಟಿಯಾಗಿ ಹಿಡಿದುಕೊಂಡರು.

“ಬಂದ್ರು” ಎಂದರು.

ಅಷ್ಟೇ ಹೇಳಿದ್ದು. “ನೂಕಬೇಡಿ, ಎಲ್ಲರಿಗೂ ಜಾಗ ಇದೆ” ಎಂಬ ಮಾತು ಕೇಳಿದಾಗ ಅವರ ತುಟಿಯೂ ಜೊತೆಗೇ ಆಡಿತು. ನಮ್ಮವರು ಪರದೆಯನ್ನು ನೋಡುತ್ತಿರಲಿಲ್ಲ, ಅಮ್ಮನನ್ನೇ ನೋಡುತ್ತಿದ್ದರು. ನೀರು ಗಂಟಲಿಗೆ ಬಂತು, ಬಾಯಿಗೆ ಬಂತು, ಹಣೆಯನ್ನೂ ಮುಚ್ಚಿತು. ಚಿತ್ರಮಂದಿರದಲ್ಲಿ ಒಬ್ಬರೂ ಉಸಿರಾಡಲಿಲ್ಲ.

ಅತ್ತೆ ನನ್ನ ಕೈ ಬಿಟ್ಟರು. ಹೊದ್ದಿದ್ದ ಶಾಲನ್ನು ಎಳೆದು ತೆಗೆದು, ಪಕ್ಕಕ್ಕೆ ತಿರುಗಿ, ಕತ್ತಲಲ್ಲಿ ತಡಕಿ ಮಗನ ತಲೆಯನ್ನು ಹಿಡಿದರು.

“ತಲೆ ಸರಿಯಾಗಿ ಒರೆಸ್ಕೊಂಡ್ಯೇನೋ ಅವತ್ತು?”

“ಒರೆಸ್ಕೊಂಡೆ ಅಮ್ಮಾ.”

ಅವರು ನಂಬಲಿಲ್ಲ. ನಮ್ಮವರು ತಲೆ ಬಗ್ಗಿಸಿ ಕೊಟ್ಟರು. ಐವತ್ತೇಳು ವರ್ಷದ ಮಗನ ಒಣ ತಲೆಯನ್ನು ಅತ್ತೆ, ಕಿವಿಯ ಹಿಂದೆಯೂ ಬಿಡದೆ, ಸಿನಿಮಾ ಮುಗಿಯುವವರೆಗೂ ಒರೆಸಿದರು.